ಉಪ್ಪುಗಾಳಿಯ ಊರಲ್ಲಿ ಕ್ಯೂಬ್ ಸಾಕುವುದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಒಂದು ವಿಷಯ ಮೊದಲೇ ಹೇಳಿಬಿಡ್ತೇನೆ. ರೂಬಿಕ್ಸ್ ಕ್ಯೂಬ್ ಬಿಡಿಸುವುದು ಹೇಗೆ ಅಂತ ಇವತ್ತು ನಾನು ಹೇಳುವುದಿಲ್ಲ. ಅದಕ್ಕೆ ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಉಂಟು, ನನಗಿಂತ ಚೆಂದ ಹೇಳ್ತಾರೆ. ಬಿಡಿಸುವುದು ಬೇರೆ, ಬಿಚ್ಚುವುದು ಬೇರೆ. ನನ್ನ ಮಾತು ಬಿಚ್ಚುವುದರ ಬಗ್ಗೆ. ಬಿಚ್ಚಿ, ತೊಳೆದು, ಒಣಗಿಸಿ, ಮುರಿದದ್ದನ್ನು ಅಂಟಿಸಿ, ವಾಪಸ್ ಜೋಡಿಸುವುದರ ಬಗ್ಗೆ.

ನಾನಿರುವುದು ಬೀಜಾಡಿಯಲ್ಲಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕುಂದಾಪುರದಿಂದ ಉಡುಪಿ ಕಡೆಗೆ ಹೈವೇಯಲ್ಲಿ ಹೊರಟರೆ ಕೋಟೇಶ್ವರ ಸಿಗ್ತದಲ್ಲ, ಅದರ ಹತ್ತಿರ ಸಮುದ್ರದ ಬದಿಯ ಊರು. ರಾತ್ರಿ ಕಿಟಕಿ ತೆರೆದಿಟ್ಟರೆ ಅಲೆಯ ಶಬ್ದ ಒಳಗೆ ಬರ್ತದೆ. ಶಬ್ದದ ಜೊತೆ ಉಪ್ಪೂ ಬರ್ತದೆ. ನನ್ನ ಕಷ್ಟ ಎಲ್ಲ ಈ ಎರಡನೆಯದ್ದರಿಂದ.

ನನ್ನ ಹತ್ತಿರ ತಿರುಗಿಸುವ ಪಜಲ್‌ಗಳು ನೂರ ನಲವತ್ತರಷ್ಟು ಇವೆ. ಕ್ಯೂಬ್, ಪಿರಮಿಂಕ್ಸ್, ಹನ್ನೆರಡು ಮುಖದ ಮೆಗಾಮಿಂಕ್ಸ್, ಸ್ಕ್ವೇರ್-ಒನ್, ಹೀಗೆ. ದೊಡ್ಡ ಸಂಗ್ರಹ ಅಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಲೈಬ್ರರಿಯಲ್ಲಿ ಜೆರ್ರಿ ಸ್ಲೋಕಮ್ ಎಂಬವರು ಕೊಟ್ಟ ಮೆಕ್ಯಾನಿಕಲ್ ಪಜಲ್‌ಗಳೇ 30,000ಕ್ಕಿಂತ ಹೆಚ್ಚು ಉಂಟು. ಅಂಥ ಕಡೆ ಅಮೂಲ್ಯ ವಸ್ತುವನ್ನು ಮುಟ್ಟದೆ ಇಟ್ಟರೂ ಅದು ಉಳೀತದೆ. ನಮ್ಮಲ್ಲಿ ಹಾಗಲ್ಲ. ಕರಾವಳಿಯಲ್ಲಿ ಮುಟ್ಟದೆ ಇಟ್ಟ ಕ್ಯೂಬು ಮುಟ್ಟದೆ ಇದ್ದುದರಿಂದಲೇ ಹಾಳಾಗ್ತದೆ. ಅದಕ್ಕೆ ಇಲ್ಲಿ ಸಂಗ್ರಹಕಾರ ಅಂದರೆ ಅರ್ಧ ಮೆಕ್ಯಾನಿಕ್ ಆಗಲೇಬೇಕು. ಎಷ್ಟು ರಿಪೇರಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಮಾತ್ರ ತಲೆಬಿಸಿಯ ಪ್ರಶ್ನೆ. ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಒಳಗೆ ಎಂತ ಉಂಟು ಅಂತ ನೋಡುವ. ಹಂಗೇರಿಯ ಬುಡಾಪೆಸ್ಟ್‌ನಲ್ಲಿ 1974ರಲ್ಲಿ ಎರ್ನೋ ರೂಬಿಕ್ ಇದನ್ನು ಮಾಡಿದಾಗ ಅವರಿಗೆ ಮೂವತ್ತರ ಹತ್ತಿರದ ಪ್ರಾಯ, ವಿನ್ಯಾಸ ಕಲಿಸುವ ಮೇಷ್ಟ್ರು. ಮೊದಲು ತುಂಡುಗಳನ್ನು ರಬ್ಬರ್ ಬ್ಯಾಂಡಿನಿಂದ ಹಿಡಿಸಲು ನೋಡಿದರು, ಅದು ತುಂಡಾಯ್ತು. ಆಮೇಲೆ ಹೊಳೆದದ್ದು ಏನೆಂದರೆ, ಹೊರಗಿನಿಂದ ಕಟ್ಟುವುದೇ ಬೇಡ, ತುಂಡುಗಳು ಒಂದನ್ನೊಂದು ಹಿಡ್ಕೊಂಡಿರಲಿ ಅಂತ. ಮಧ್ಯದಲ್ಲಿ ಆರು ಕೈ ಇರುವ ಒಂದು ಕೋರ್. ಪ್ರತಿ ಕೈಗೆ ಒಂದು ಸ್ಕ್ರೂ, ಸ್ಕ್ರೂವಿನ ಸುತ್ತ ಒಂದು ಸ್ಪ್ರಿಂಗ್, ಅದರ ಮೇಲೆ ಮುಖದ ನಡುವಿನ ತುಂಡು. ನಡುವಿನವು ಆರು. ಅವುಗಳ ಅಡಿಗೆ ಕಾಲು ತೂರಿಸಿ ನಿಂತ ಅಂಚಿನ ತುಂಡು ಹನ್ನೆರಡು. ಅಂಚಿನವುಗಳ ಅಡಿಗೆ ಕಾಲು ತೂರಿಸಿದ ಮೂಲೆ ತುಂಡು ಎಂಟು. ಒಟ್ಟು 26. ಅಂಟು ಇಲ್ಲ, ಮೊಳೆ ಇಲ್ಲ. ಇಷ್ಟನ್ನು ಹಿಡಿದಿಟ್ಟದ್ದು ಆರು ಸ್ಪ್ರಿಂಗು, ಆರು ಸ್ಕ್ರೂ.

ಈಗ ನಮ್ಮ ಊರಿನ ಗಾಳಿಗೆ ಬನ್ನಿ. ಆ ಆರು ಸ್ಪ್ರಿಂಗು, ಆರು ಸ್ಕ್ರೂ ಸಾಮಾನ್ಯವಾಗಿ ಉಕ್ಕಿನವು. ಅಡುಗೆ ಉಪ್ಪಿಗೆ ಒಂದು ಗುಣ ಉಂಟು: ಗಾಳಿಯ ತೇವ ಶೇಕಡಾ 75 ದಾಟಿದರೆ ಅದು ನೀರು ಎಳ್ಕೊಂಡು ತಾನೇ ಕರಗಲಿಕ್ಕೆ ಶುರು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತೆರೆದರೆ ಗೊತ್ತಾಗ್ತದಲ್ಲ, ಅದೇ. ಸಮುದ್ರದಿಂದ ಬಂದ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪಿನ ಕಣ ಸ್ಪ್ರಿಂಗಿನ ಮೇಲೆ ಕೂತಿರ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅಲ್ಲೇ ಒಂದು ಹನಿ ಉಪ್ಪುನೀರು. ತುಕ್ಕು ಹಿಡಿಯಲಿಕ್ಕೆ ಇನ್ನೆಂತ ಬೇಕು?

ತುಕ್ಕು ಹಿಡಿದ ಕ್ಯೂಬು ಒಂದೇ ಸಲ ಸಾಯುವುದಿಲ್ಲ. ಮೊದಲು ಒಂದು ಮುಖ ಮಾತ್ರ ಬಿಗಿ ಅನ್ನಿಸ್ತದೆ. ತಿರುಗಿಸುವಾಗ ಸಣ್ಣ ಕಿರ್ ಕಿರ್ ಶಬ್ದ. ಆಮೇಲೆ ತುಕ್ಕಿನ ಪುಡಿ ಪ್ಲಾಸ್ಟಿಕ್ಕಿನ ನಡುವೆ ಬಿದ್ದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಕೊನೆಗೆ ಸ್ಕ್ರೂ ತಲೆ ಎಷ್ಟು ಸವೆದಿರ್ತದೆ ಅಂದರೆ ಸ್ಕ್ರೂಡ್ರೈವರ್ ಕೂರುವುದೇ ಇಲ್ಲ. ಅಂಥದ್ದಕ್ಕೆ ಅಗಲ ರಬ್ಬರ್ ಬ್ಯಾಂಡಿನ ಒಂದು ತುಂಡನ್ನು ಸ್ಕ್ರೂ ತಲೆಯ ಮೇಲಿಟ್ಟು, ಸ್ಕ್ರೂಡ್ರೈವರ್ ಒತ್ತಿ, ನಿಧಾನ ತಿರುಗಿಸಿದರೆ ಎಷ್ಟೋ ಸಲ ಹಿಡಿತ ಸಿಗ್ತದೆ. ರೂಬಿಕ್‌ಗೆ ಕೈಕೊಟ್ಟ ರಬ್ಬರ್ ಬ್ಯಾಂಡು ನಮಗೆ ಇಲ್ಲಿ ಕೆಲಸಕ್ಕೆ ಬರ್ತದೆ.

ಈಗಿನ ಸ್ಪೀಡ್ ಕ್ಯೂಬ್‌ಗಳಿಗೆ ಇನ್ನೊಂದು ತೊಂದರೆ, ಮ್ಯಾಗ್ನೆಟ್. ಮಾಮೂಲಿ ಮೂರು-ಮೂರು ಕ್ಯೂಬಿನಲ್ಲಿ 48 ಸಣ್ಣ ಮ್ಯಾಗ್ನೆಟ್ ಇರ್ತದೆ, ಹನ್ನೆರಡು ಅಂಚುಗಳಲ್ಲಿ ಎರಡೆರಡು, ಎಂಟು ಮೂಲೆಗಳಲ್ಲಿ ಮೂರು ಮೂರು. ಇವು ನಿಯೋಡಿಮಿಯಂ. ಮೇಲೆ ನಿಕ್ಕಲ್ ಲೇಪ ಇರುವಷ್ಟು ದಿನ ಆರಾಮ. ಲೇಪ ಒಂದು ಕಡೆ ಚಕ್ಕೆ ಎದ್ದರೆ ಒಳಗಿನ ಲೋಹ ಪುಡಿ ಪುಡಿ ಆಗಿ ಉಬ್ಬುತ್ತದೆ. ಬದಲಿಸುವಾಗ ಯಾವ ಮುಖ ಹೊರಗೆ ಅನ್ನುವುದನ್ನು ಪಕ್ಕದ ತುಂಡಿಗೆ ಹಿಡಿದು ನೋಡಿಯೇ ಅಂಟಿಸಬೇಕು. ತಿರುಗುಮುರುಗಾದರೆ ಸೆಳೆಯುವ ಬದಲು ತಳ್ಳುತ್ತದೆ. ಇನ್ನೊಂದು ಮಾತು, ಇದು ತಮಾಷೆಗಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಕೆಲಸವನ್ನು ಬಾಗಿಲು ಹಾಕಿ ಮಾಡಿ, ಎಣಿಸಿ ತೆಗೀರಿ, ಎಣಿಸಿ ವಾಪಸ್ ಹಾಕಿ. ಎರಡು ಮ್ಯಾಗ್ನೆಟ್ ಹೊಟ್ಟೆಗೆ ಹೋದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡಬಹುದು. ಒಂದು ಕಮ್ಮಿ ಬಂದರೆ ಸಿಗುವವರೆಗೆ ಹುಡುಕಿ. ನುಂಗಿರಬಹುದು ಅಂತ ಸಂಶಯ ಬಂದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ.

ಇನ್ನು ಎಣ್ಣೆ ಸಮಾಚಾರ. ನಮ್ಮ ಕಡೆ ಬಾಗಿಲಿನ ತಿರುಗಣೆ ಕಿರುಗುಟ್ಟಿದರೂ ತೆಂಗಿನೆಣ್ಣೆ, ತಲೆಗೂ ತೆಂಗಿನೆಣ್ಣೆ, ದೋಸೆ ಕಾವಲಿಗೂ ತೆಂಗಿನೆಣ್ಣೆ. ಹಾಗಾಗಿ ಕ್ಯೂಬು ಬಿಗಿ ಆಯ್ತಾ, ಎರಡು ಹನಿ ತೆಂಗಿನೆಣ್ಣೆ. ಆ ದಿವಸ ಬೆಣ್ಣೆಯ ಹಾಗೆ ತಿರುಗ್ತದೆ, ಸುಳ್ಳಲ್ಲ. ಆದರೆ ತಿಂಗಳು ಕಳೆಯುವಾಗ ಎಣ್ಣೆ ಕಮಟು ಬರ್ತದೆ, ಧೂಳು ಹಿಡೀತದೆ, ಒಳಗೆ ಕಪ್ಪು ಅಂಟು ಆಗ್ತದೆ. ಹಳೇ ಕ್ಯೂಬುಗಳನ್ನು ಬಿಚ್ಚಿದರೆ ಹತ್ತರಲ್ಲಿ ಏಳೆಂಟರಲ್ಲಿ ನನಗೆ ಸಿಗುವುದು ಇದೇ ಅಂಟು, ವಾಸನೆಯಿಂದಲೇ ಗೊತ್ತಾಗ್ತದೆ. ಬೆಂಗಳೂರಿನಲ್ಲಿದ್ದರೆ ಚಳಿಗಾಲದಲ್ಲಿ ಅದು ಗಟ್ಟಿಯೂ ಆದೀತು, ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುವ ವಸ್ತು.

ಅದಕ್ಕಿಂತ ಕೆಟ್ಟದ್ದು ಹೊಲಿಗೆ ಮೆಷಿನ್ ಎಣ್ಣೆ, ಗ್ರೀಸು, ತುಕ್ಕು ಬಿಡಿಸುವ ಸ್ಪ್ರೇ, ವ್ಯಾಸಲಿನ್. ಇವೆಲ್ಲ ಪೆಟ್ರೋಲಿಯಂ ಸಂಬಂಧಿಗಳು. ಕೆಲವು ಪ್ಲಾಸ್ಟಿಕ್‌ಗಳಿಗೆ ಇವು ಆಗುವುದಿಲ್ಲ, ಮೆತ್ತಗೆ ಮಾಡ್ತವೆ, ಒತ್ತಡ ಬೀಳುವ ಕಡೆ ಕೂದಲೆಳೆಯಷ್ಟು ಬಿರುಕು ತರ್ತವೆ. ಕ್ಯೂಬಿಗೆ ಬೇಕಾದ್ದು ಸಿಲಿಕೋನ್ ಎಣ್ಣೆ. ಕ್ಯೂಬಿನ ಹೆಸರಲ್ಲೇ ಸಣ್ಣ ಬಾಟಲಿ ಆನ್‌ಲೈನಲ್ಲಿ ಸಿಗ್ತದೆ. ಟ್ರೆಡ್‌ಮಿಲ್ಲಿಗೆ ಹಾಕುವ ಸಿಲಿಕೋನ್ ಎಣ್ಣೆಯೂ ಆಗ್ತದೆ, ಆದರೆ ಬಾಟಲಿ ಮೇಲೆ ಶೇಕಡಾ 100 ಸಿಲಿಕೋನ್ ಅಂತ ಬರೆದಿರಬೇಕು. ತೆಳ್ಳಗಿನದ್ದು ತುಂಡುಗಳಿಗೆ, ದಪ್ಪದ್ದು ಸ್ಕ್ರೂ ಮತ್ತು ಸ್ಪ್ರಿಂಗಿಗೆ. ಒಂದೊಂದು ಹನಿ ಸಾಕು ಮಾರಾಯ್ರೆ, ಒಗ್ಗರಣೆ ಅಲ್ಲ ಇದು. ಸ್ಪ್ರಿಂಗಿಗೆ ಹಚ್ಚಿದ ದಪ್ಪ ಸಿಲಿಕೋನ್ ಇನ್ನೊಂದು ಉಪಕಾರ ಮಾಡ್ತದೆ, ಉಪ್ಪುಗಾಳಿಗೆ ಅಡ್ಡ ನಿಲ್ತದೆ.

ಬಿಚ್ಚುವುದು ಕಷ್ಟ ಏನಲ್ಲ. ಮೇಲಿನ ಪದರವನ್ನು 45 ಡಿಗ್ರಿ ತಿರುಗಿಸಿ, ಒಂದು ಅಂಚಿನ ತುಂಡನ್ನು ಹೆಬ್ಬೆರಳಿನಿಂದ ಮೇಲಕ್ಕೆ ಎತ್ತಿದರೆ ಟಕ್ ಅಂತ ಬರ್ತದೆ, ಉಳಿದವು ಹಿಂದೆಯೇ. ಬರದಿದ್ದರೆ ಬಲ ಹಾಕಬೇಡಿ, ಮೊದಲು ನಡುವಿನ ಮುಚ್ಚಳ ಎಬ್ಬಿಸಿ ಸ್ಕ್ರೂ ಸ್ವಲ್ಪ ಸಡಿಲ ಮಾಡಿ. ಜಾತ್ರೆಯಲ್ಲಿ ಸಿಗುವ ಕೆಲವು ಅಗ್ಗದ ಕ್ಯೂಬಿನಲ್ಲಿ ಸ್ಕ್ರೂ ಬದಲು ರಿವೆಟ್ ಹೊಡೆದಿರ್ತಾರೆ, ಅದನ್ನು ಸಡಿಲಿಸುವ ದಾರಿಯೇ ಇಲ್ಲ. ಪ್ಲಾಸ್ಟಿಕ್ ತುಂಡುಗಳನ್ನು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೀಬಹುದು. ಕೋರನ್ನು ಮಾತ್ರ ನೀರಿಗೆ ಹಾಕುವುದು ಬೇಡ. ಕಾಗದದ ಸ್ಟಿಕ್ಕರ್ ಇದ್ದ ತುಂಡನ್ನೂ ಬೇಡ.

ತೊಳೆದ ಮೇಲೆ ಒಣಗಿಸುವುದು ಉಂಟಲ್ಲ, ನಮ್ಮ ಊರಲ್ಲಿ ಅದೇ ದೊಡ್ಡ ಕೆಲಸ. ಜುಲೈಯಲ್ಲಿ ಹಾಸಿದ ಬಟ್ಟೆಯೇ ನಾಲ್ಕು ದಿವಸ ಒಣಗುವುದಿಲ್ಲ. ಅದಕ್ಕೆ ನನ್ನ ನಿಯಮ, ಮಳೆಗಾಲದಲ್ಲಿ ತೊಳೆಯುವುದೇ ಇಲ್ಲ. ತೊಳೆಯುವುದೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ, ಹಪ್ಪಳ ಸಂಡಿಗೆ ಒಣಗಿಸುವ ಹೊತ್ತಿಗೆ. ಅದೂ ನೇರ ಬಿಸಿಲಿಗಲ್ಲ, ನೆರಳಿಗೆ. ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ ಹಳದಿ ಆಗ್ತದೆ, ಮತ್ತೆ ಬಿಳಿ ಮಾಡುವ ನಂಬಿಕಸ್ಥ ಉಪಾಯ ನಾನು ಕಂಡಿಲ್ಲ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸುವವರಿದ್ದಾರೆ, ಒಂದು ಕಡೆ ಬಿಳಿ ಒಂದು ಕಡೆ ಕಂದು ಆಗುವುದೂ ಉಂಟು. ಹಳೇ ಕ್ಯೂಬಿಗೆ ನಾನಂತೂ ಮಾಡುವುದಿಲ್ಲ. ಪ್ರಾಯ ಆದ್ದು ಕಂಡರೆ ಕಾಣಲಿ.

ಇಡುವುದಕ್ಕೂ ಹಪ್ಪಳದ ಬುದ್ಧಿಯೇ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದು ಹೊಟ್ಟೆ ತುಂಬಿತು ಅಂತ ಅದೇ ಹೇಳ್ತದೆ. ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ತಯಾರು. ಮೇ ಕೊನೆಗೆ ಡಬ್ಬ ಮುಚ್ಚಿದರೆ ಎಲ್ಲ ಡಬ್ಬವನ್ನೂ ದಿನಾ ತೆರೆಯುವ ಹಾಗಿಲ್ಲ. ಮಳೆಗಾಲಕ್ಕೆ ಕೈಯಲ್ಲಾಡಿಸಲಿಕ್ಕೆ ನಾಲ್ಕೈದು ಹೊರಗೆ ಇಟ್ಕೊಳ್ತೇನೆ, ಅವು ಸೈನಿಕರು.

ತುಕ್ಕು ಹಿಡಿದದ್ದಕ್ಕೆ ಬದಲಿ ಸಾಮಾನು ಎಲ್ಲಿ ಅಂತ ಕೇಳ್ತೀರಿ. ಸ್ಕ್ರೂ ಬೇಕಾದರೆ ದೋಣಿಯವರನ್ನು ಕೇಳಿ. ಗಂಗೊಳ್ಳಿಯಂಥ ಬಂದರಿನ ಊರುಗಳಲ್ಲಿ ಬೋಟಿಗೆ ಸಾಮಾನು ಮಾರುವವರಿಗೆ ಯಾವ ಸ್ಟೇನ್‌ಲೆಸ್ ಉಪ್ಪುನೀರಿಗೆ ತಡೀತದೆ ಅಂತ ಬಾಯಿಪಾಠ. 304ಕ್ಕಿಂತ 316 ಒಳ್ಳೇದು. ಹಳೇ ಸ್ಕ್ರೂ ಒಯ್ದು ಎಳೆ ಹೊಂದಿಸಿಯೇ ತನ್ನಿ, ಪ್ಲಾಸ್ಟಿಕ್ ಕೋರಿಗೆ ಬೇರೆ ಎಳೆಯ ಸ್ಕ್ರೂ ಹೊಡೆದರೆ ತೂತು ಹಾಳು. ಸ್ಪ್ರಿಂಗಿಗೆ ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕುವವರನ್ನು ಕಂಡಿದ್ದೇನೆ, ಅದು ಬಳುಕುತ್ತದೆ. ಅದಕ್ಕಿಂತ ಒಂದು ಅಗ್ಗದ ಹೊಸ ಕ್ಯೂಬ್ ತಂದು ಅದರಿಂದ ತೆಗೆದು ಹಾಕುವುದು ಮೇಲು. ಇದಕ್ಕೇ ಅಂತ ನಾನು ಮೂರು ನಾಲ್ಕು ಇಟ್ಟಿದ್ದೇನೆ. ಪಾಪ, ಅವಕ್ಕೆ ಹೆಸರಿಲ್ಲ.

ಜೋಡಿಸುವಾಗ ಒಂದು ಲೆಕ್ಕ ನೆನಪಿರಲಿ. ಕೋಟೇಶ್ವರದ ಕೊಡಿ ಹಬ್ಬದ ಮರುದಿನ ಅಂತ ಇಟ್ಕೊಳ್ಳಿ. ಒಬ್ಬ ಮಾಣಿ ಹೊಸ ಕ್ಯೂಬ್ ತಂದಿದ್ದಾನೆ, ಅಣ್ಣ ಅದನ್ನು ಕಿತ್ತು ಹಾಕಿ ಮನಸ್ಸಿಗೆ ಬಂದ ಹಾಗೆ ಜೋಡಿಸಿ ಕೊಟ್ಟ. ತಮ್ಮ ತಿಂಗಳಾನುಗಟ್ಟಲೆ ತಿರುಗಿಸಿದರೂ ಕೊನೆಗೆ ಒಂದು ಮೂಲೆ ಸೊಟ್ಟ ನಿಲ್ತದೆ. ತಮ್ಮ ದಡ್ಡ ಅಲ್ಲ. ಮನಬಂದಂತೆ ಜೋಡಿಸಿದರೆ ಹನ್ನೆರಡರಲ್ಲಿ ಒಂದು ಸಲ ಮಾತ್ರ ಬಿಡಿಸಲಿಕ್ಕೆ ಸಾಧ್ಯ ಇರುವ ಕ್ಯೂಬು ಆಗ್ತದೆ. ಯಾಕೆ ಅಂದರೆ, ಮೂಲೆಗಳ ಒಟ್ಟು ತಿರುವಿಗೆ ಮೂರು ಸಾಧ್ಯತೆ, ಅಂಚುಗಳು ಮಗುಚಿದ್ದರ ಲೆಕ್ಕಕ್ಕೆ ಎರಡು, ಜಾಗ ಅದಲುಬದಲಾದ್ದಕ್ಕೆ ಎರಡು. ಮೂರು ಎರಡಲ ಎರಡಲ ಹನ್ನೆರಡು. ಕ್ಯೂಬನ್ನು ಬಿಚ್ಚದೆ ತಿರುಗಿಸಿ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಲಿಕ್ಕೆ ಆಗುವುದೇ ಇಲ್ಲ. ಒಂದೊಂದು ಗುಂಪಿನಲ್ಲೂ 43,252,003,274,489,856,000 ಸ್ಥಿತಿ, ಅದರೊಳಗೆ ಎಷ್ಟು ಬೇಕಾದರೂ ಅಲೆಯಬಹುದು. ಅದಕ್ಕೆ ರಿಪೇರಿ ಮಾಡುವವರು ಯಾವಾಗಲೂ ಬಣ್ಣ ಸರಿ ಹೊಂದಿಸಿ, ಬಿಡಿಸಿದ ಸ್ಥಿತಿಯಲ್ಲೇ ಜೋಡಿಸ್ತಾರೆ. ಮನೆಯಲ್ಲಿ ಇಂಥ ಶಾಪಗ್ರಸ್ತ ಕ್ಯೂಬು ಇದ್ದರೆ ಇವತ್ತೇ ಬಿಚ್ಚಿ ಸರಿ ಮಾಡಿ, ಆ ಹುಡುಗನಿಗೆ ನ್ಯಾಯ ಸಿಗಲಿ.

ಬಿಗಿ ಹೊಂದಿಸುವುದು ಕೈಯ ಅಂದಾಜು. ಆರೂ ಮುಖವನ್ನು ಎರಡು ಬೆರಳಲ್ಲಿ ಮೆಲ್ಲ ಎಳೆದು ನೋಡಿ, ಆರೂ ಕಡೆ ಸಂದು ಒಂದೇ ಸಮ ಕಾಣಬೇಕು. ಹೆಚ್ಚು ಕಮ್ಮಿ ಇದ್ದರೆ ಕಾಲು ಸುತ್ತು, ಅರ್ಧ ಸುತ್ತು, ಅಷ್ಟೇ.

ಈಗ ಆಗ ಹೇಳಿದ ತಲೆಬಿಸಿಗೆ ಬರುವ. ನಮ್ಮ ಊರಿನ ಹತ್ತಿರದವರೇ ಒಬ್ಬರು ಅಕ್ಕ ಒಂದು ಕ್ಯೂಬು ತಂದರು. ಅವರ ಅಪ್ಪಯ್ಯ ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದವರು, ಎಂಬತ್ತರ ದಶಕದ ಸುರುವಿಗೆ ರಜೆಯಲ್ಲಿ ಬರುವಾಗ ತಂದದ್ದಂತೆ. ಅವರು ತೀರಿಹೋಗಿದ್ದಾರೆ. ಅಕ್ಕ ಕೇಳಿದ್ದು ಇಷ್ಟೇ: "ಇದ್ ಸಮ ಆತ್ತಾ? ಮಗ ತಿರ್ಗ್ಸೂಕ್ ಕೇಂತ."

ಸಂಗ್ರಹಕಾರರ ಕಣ್ಣಲ್ಲಿ ನೋಡಿದರೆ ಮೊದಲು ಏಳುವ ಪ್ರಶ್ನೆ ಅಸಲಿಯಾ ನಕಲಿಯಾ ಅಂತ. ಹಂಗೇರಿಯಲ್ಲಿ 1977ರಲ್ಲಿ ಪೊಲಿಟೆಕ್ನಿಕಾ ಎಂಬ ಸಂಸ್ಥೆ ಮಾಡಿ ಮಾರಿದ್ದು ಮೊದಲನೆಯದು, ಹೆಸರು ಮ್ಯಾಜಿಕ್ ಕ್ಯೂಬ್. 1980ರಲ್ಲಿ ಅಮೆರಿಕದ ಐಡಿಯಲ್ ಟಾಯ್ ಕಂಪನಿ ರೂಬಿಕ್ಸ್ ಕ್ಯೂಬ್ ಅಂತ ಹೆಸರಿಟ್ಟು ಜಗತ್ತಿಗೆ ಬಿಟ್ಟಿತು. ಬೇಡಿಕೆ ಹೆಚ್ಚಾಗಿ ತೈವಾನ್ ಮುಂತಾದ ಕಡೆಗಳಿಂದ ನಕಲು ಸುರಿದವು. ಇದು ನಕಲೇ. ಮಾರಿದರೆ ಹೆಚ್ಚು ಬರಲಿಕ್ಕಿಲ್ಲ. ಹಾಗಂತ ಅಕ್ಕ ಮಾರಲಿಕ್ಕೆ ತಂದದ್ದಲ್ಲವಲ್ಲ.

ಒಳಗೆ ನಿರೀಕ್ಷೆಯಂತೆ ತೆಂಗಿನೆಣ್ಣೆಯ ಕಪ್ಪು ಅಂಟು. ಮೂರು ಸ್ಪ್ರಿಂಗ್ ತುಕ್ಕು ಹಿಡಿದು ತುಂಡು. ಹೊರಗೆ ಕೆಂಪು ಮುಖದಲ್ಲಿ ಅಸಲು ಸ್ಟಿಕ್ಕರ್ ನಾಲ್ಕೇ. ಉಳಿದ ಐದು ಕಡೆ ಕೆಂಪು ಇನ್ಸುಲೇಶನ್ ಟೇಪು, ಎಲೆಕ್ಟ್ರಿಕ್ ಕೆಲಸಕ್ಕೆ ಬಳಸುವುದು. ಬ್ಲೇಡಿನಲ್ಲಿ ಅಷ್ಟು ಚೌಕವಾಗಿ ಕತ್ತರಿಸಿ, ನಾಲ್ಕು ಮೂಲೆಯನ್ನೂ ಸ್ವಲ್ಪ ದುಂಡಗೆ ಮಾಡಿ ಅಂಟಿಸಿದ್ದಾರೆ, ಅಸಲಿನ ಹಾಗೇ ಕಾಣಲಿ ಅಂತ. ಯಾರು ಮಾಡಿದ್ದು ಅಂತ ಕೇಳಬೇಕಾಗಿರಲಿಲ್ಲ.

ಹೊಸ ಸ್ಟಿಕ್ಕರ್ ಸೆಟ್ ನನ್ನ ಹತ್ತಿರ ಇತ್ತು. ಹತ್ತು ನಿಮಿಷದ ಕೆಲಸ, ಪಳಪಳ ಹೊಳೆಯುವ ಕ್ಯೂಬು ಕೊಡಬಹುದಿತ್ತು. ಸಂಗ್ರಹಕಾರರಲ್ಲಿ ಒಂದು ಪಂಗಡ ಹೇಳುವುದು, ಕಾರ್ಖಾನೆಯಿಂದ ಬಂದದ್ದು ಮಾತ್ರ ಅಸಲು, ಟೇಪು ಕಿತ್ತು ಖಾಲಿ ಬಿಡು ಅಂತ. ಇನ್ನೊಂದು ಪಂಗಡ, ಆಟದ ಸಾಮಾನು ಆಡಲಿಕ್ಕೆ, ಎಲ್ಲ ಹೊಸತು ಹಾಕು ಅಂತ. ನನಗೆ ಎರಡೂ ಒಪ್ಪಿಗೆ ಇಲ್ಲ. ಒಂದು ವಸ್ತುವಿಗೆ ಕಾರ್ಖಾನೆಯಲ್ಲಿ ಕಳೆದದ್ದು ಕೆಲವು ನಿಮಿಷ, ಮನೆಯಲ್ಲಿ ಕಳೆದದ್ದು ನಲವತ್ತು ವರ್ಷ. ಆ ನಲವತ್ತು ವರ್ಷವೇ ಸುಳ್ಳು ಅಂತ ಹೇಳುವ ಹಕ್ಕು ನನಗೆ ಯಾರು ಕೊಟ್ಟದ್ದು?

ಕೇಳಿದೆ. "ಆ ಟೇಪ್ ತೆಗುದ್ ಬ್ಯಾಡ" ಅಂದರು ಅಕ್ಕ.

ಹಾಗಾಗಿ ಒಳಗೆ ಧಾರಾಳ ಕೈ ಹಾಕಿದೆ, ಹೊರಗೆ ಕೈ ಬಿಗಿ ಹಿಡಿದೆ. ಸ್ಪ್ರಿಂಗ್ ಆರೂ ಬದಲು. ಮೂರು ಮಾತ್ರ ಬದಲಿಸಿದರೆ ಬಿಗಿ ಹೊಂದುವುದಿಲ್ಲ. ಸ್ಕ್ರೂ ಎರಡು ಬದಲು. ಟೇಪಿನ ಗೋಂದು ಸೆಖೆಗೆ ಕರಗಿ ಅಂಚಿಗೆ ಬಂದಿತ್ತು, ಅದನ್ನು ಮಾತ್ರ ಇಯರ್‌ಬಡ್ಡಿಗೆ ಒಂಚೂರು ತೆಂಗಿನೆಣ್ಣೆ ಮುಟ್ಟಿಸಿ ಒರೆಸಿದೆ. ಗೋಂದು ಬಿಡಿಸಲಿಕ್ಕೆ ಅದು ಒಳ್ಳೇದು, ಅಷ್ಟು ಬೈದದ್ದಕ್ಕೆ ಅದಕ್ಕೂ ಒಂದು ಕೆಲಸ ಸಿಕ್ಕಿತು. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಮಾತ್ರ ಯಾರೂ ಮುಟ್ಟಿಸಬೇಡಿ, ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸ್ತದೆ. ತೆಗೆದ ಹಳೇ ಸ್ಪ್ರಿಂಗು, ಸ್ಕ್ರೂಗಳನ್ನು ಸಣ್ಣ ಜಿಪ್ ಕವರಿಗೆ ಹಾಕಿ, ಏನು ಬದಲಿಸಿದೆ, ಯಾವ ತಾರೀಕು ಅಂತ ಚೀಟಿ ಬರೆದು ಕ್ಯೂಬಿನ ಜೊತೆಗೇ ಕೊಟ್ಟೆ. ನಿಮ್ಮ ಹತ್ತಿರ ಹಳೇದು ಏನಿದ್ದರೂ ಇಷ್ಟು ಮಾಡಿ, ಬಿಚ್ಚುವ ಮೊದಲು ಮೊಬೈಲಲ್ಲಿ ಆರು ಮುಖದ ಫೋಟೋ, ಮುಗಿದ ಮೇಲೆ ಒಂದು ಚೀಟಿ. ಮುಂದೆ ಬಿಚ್ಚುವವರಿಗೆ ಯಾವುದು ಯಾರ ಕೈಯದ್ದು ಅಂತ ಗೊತ್ತಾಗಲಿ.

ಆ ಹುಡುಗನಿಗೆ ಆರನೇ ಕ್ಲಾಸು. ಅವನಿಗೆ ಬೇಕಾದ್ದು ಬೇಗ ತಿರುಗುವ ಮ್ಯಾಗ್ನೆಟ್ ಕ್ಯೂಬು, ಅಜ್ಜನದ್ದು ನಿಧಾನ ಅಂತ ಅವನ ದೂರು. ಸರಿಯೇ ಇದೆ, ಅದು ನಿಧಾನವೇ. ಎರಡೂ ಇಟ್ಕೊ ಅಂದೆ.

ಮುರಿದ ಕಾಲಿನ ಬಗ್ಗೆ ಒಂದು ಮಾತು ಬಾಕಿ ಉಂಟು. ನಾಲ್ಕು-ನಾಲ್ಕರ ಹಳೇ ರೂಬಿಕ್ಸ್ ರಿವೆಂಜ್, ಎಂಬತ್ತರ ದಶಕದ್ದು, ಇದಕ್ಕೆ ಕುಖ್ಯಾತ. ಒಳಗೆ ಗೆರೆ ಕೊರೆದ ಒಂದು ಚೆಂಡು, ಅದರೊಳಗೆ ಜಾರುವ ನಡು ತುಂಡುಗಳ ಸಪೂರ ಕಾಲು. ಜೋರು ತಿರುಗಿಸಿದರೆ ಲಟಕ್. ಫೆವಿಕ್ವಿಕ್ ಹಾಕಿದರೆ ಸುತ್ತ ಬಿಳಿ ಮಸುಕು ಬರ್ತದೆ, ಹಿಡಿತವೂ ಗಡಸು, ಮತ್ತೆ ಅಲ್ಲೇ ಮುರೀತದೆ. ತುಂಡು ಎಬಿಎಸ್ ಆಗಿದ್ದರೆ ಅದೇ ಪ್ಲಾಸ್ಟಿಕ್ಕಿನ ಚೂರನ್ನು ಅಸಿಟೋನಿನಲ್ಲಿ ಕರಗಿಸಿ ಗಂಜಿಯ ಹದ ಮಾಡಿ, ಸೂಜಿಮೊನೆಯಲ್ಲಿ ಹಚ್ಚಿ, ಎರಡು ದಿವಸ ಬಿಟ್ಟರೆ ಬೆಸುಗೆಯ ಹಾಗೆ ಕೂಡ್ತದೆ. ಈಗಷ್ಟೇ ಮುಟ್ಟಬೇಡಿ ಅಂದ ಅಸಿಟೋನೇ, ಹೌದು. ಮೇಲ್ಮೈಗೆ ವಿಷ, ಮುರಿದ ಜಾಗಕ್ಕೆ ಮದ್ದು. ಕಿಟಕಿ ತೆರೆದು, ಬೆಂಕಿ ದೂರ ಇಟ್ಟು ಮಾಡಿ.

ನನ್ನದೇ ಒಂದು ರಿವೆಂಜ್ ಹೀಗೆ ಕಾಲು ಮುರ್ಕೊಂಡು ಮೇಜಿನ ಮೇಲೆ ಕೂತಿದೆ. ಮಳೆ ಸುರುವಾಗುವ ಮೊದಲು ಅಂಟಿಸಿ ಡಬ್ಬಕ್ಕೆ ಸೇರಿಸಬೇಕು. ಪ್ರಶ್ನೆ ಇದ್ದರೆ ಕಳಿಸಿ, ಫೋಟೋ ಇದ್ದರೆ ಇನ್ನೂ ಒಳ್ಳೇದು, ನಡು ಮುಚ್ಚಳ ತೆಗೆದು ಸ್ಕ್ರೂ ಕಾಣುವ ಹಾಗೆ ತೆಗೀರಿ. ಮುಂದಿನ ಸಲ ಸಿಗುವ.